ತಕಾಮತ್ಸುಜುಕಾ ಸಮಾಧಿಯ ಚಿತ್ರಗಳು ಹಾಳಾದದ್ದು ಬರೀ ಉಸಿರಿನಿಂದಲೇ?

ಕಲ್ಲುಕೋಣೆ ಕೇಳಿದ್ದು:

ಜಪಾನಿನ ಕೊಫುನ್‌ಗಳ ಒಳಗಿನ ಚಿತ್ರಗಳ ಬಗ್ಗೆ ಒಂದು ಪ್ರಶ್ನೆ. ಕೊಫುನ್ ಅಂದರೆ 3ನೇ ಶತಮಾನದ ಮಧ್ಯದಿಂದ ಹೆಚ್ಚುಕಡಿಮೆ 7ನೇ ಶತಮಾನದ ಕೊನೆಯವರೆಗೆ ಅಲ್ಲಿ ಕಟ್ಟಿದ ಸಮಾಧಿ ದಿಬ್ಬಗಳು. ನಾರಾ ಪ್ರಾಂತ್ಯದ ಆಸುಕಾ ಹಳ್ಳಿಯಲ್ಲಿರುವ ತಕಾಮತ್ಸುಜುಕಾ ದಿಬ್ಬದೊಳಗೆ 1972ರ ಮಾರ್ಚ್‌ನಲ್ಲಿ ಚಿತ್ರಗಳು ಸಿಕ್ಕವು. ಸುಮಾರು 1300 ವರ್ಷ ಉಳಿದಿದ್ದ ಚಿತ್ರ 30 ವರ್ಷದಲ್ಲಿ ಕೆಟ್ಟಿತು: ಪಶ್ಚಿಮ ದಿಕ್ಕಿನ ದೇವತೆಯಾದ ಬಿಳಿ ಹುಲಿಯ ಗೆರೆಗಳು ಮಾಸಿದವು, ಗೋಡೆಯ ಮೇಲೆ ಕಪ್ಪು ಬೂಷ್ಟು ಬಂತು. ಎಲ್ಲಿ ಓದಿದರೂ ಸಿಗುವ ಕಾರಣ ಒಂದೇ, "ಜನ ಒಳಗೆ ಹೋಗಿ ಉಸಿರಾಡಿದ್ದರಿಂದ". ಆದರೆ ಆ ಕೋಣೆಯನ್ನು ಸಾರ್ವಜನಿಕ ವೀಕ್ಷಣೆಗೆ ತೆರೆದದ್ದೇ ಇಲ್ಲವಲ್ಲ? ಅತ್ತ ಕ್ಯೂಶೂ ದ್ವೀಪದ ಓಜುಕಾ ದಿಬ್ಬ 1934ರಲ್ಲೇ ತೆರೆದುಕೊಂಡಿತ್ತು. ಅದರ ಬಣ್ಣದ ತ್ರಿಕೋನಗಳು ಇವತ್ತಿಗೂ ಕಾಣುತ್ತವೆ.

ಕೇಳಬೇಕಾದದ್ದು ಮೂರು. ಒಂದು, ಈ ಎರಡು ಕಡೆಯ ಚಿತ್ರಗಳು ಒಂದೇ ಸಂಪ್ರದಾಯದವೇ? ಎರಡು, ತಕಾಮತ್ಸುಜುಕಾದಲ್ಲಿ ಏನು ತಪ್ಪಿತು, ಯಾವ ಕ್ರಮದಲ್ಲಿ? ಮೂರು, ಅದೇ ಹಳ್ಳಿಯ ಕಿತೊರಾ ದಿಬ್ಬದಲ್ಲಿ ಚಿತ್ರವನ್ನು ಗೋಡೆಯಿಂದ ಬಿಡಿಸಿ ತೆಗೆದರು, ತಕಾಮತ್ಸುಜುಕಾದಲ್ಲಿ ಇಡೀ ಕಲ್ಲುಕೋಣೆಯನ್ನೇ ಬಿಚ್ಚಿದರು. ಯಾಕೆ ಹೀಗೆ?

ಇಂಗಳೀಕ ಉತ್ತರಿಸಿದ್ದು:

ಮೊದಲನೆಯದಕ್ಕೆ ಹೇಳುತ್ತೇನೆ. ಒಂದೇ ಸಂಪ್ರದಾಯವಲ್ಲ. ನಡುವೆ ನೂರು ವರ್ಷಕ್ಕೂ ಹೆಚ್ಚಿನ ಅಂತರವಿದೆ, ಚಿತ್ರ ಬರೆದ ರೀತಿಯೂ ಬೇರೆ.

ಬಣ್ಣ ಬಳಿದ ಅಥವಾ ಕೆತ್ತನೆ ಮಾಡಿದ ದಿಬ್ಬಗಳಿಗೆ ಜಪಾನಿನಲ್ಲಿ ಸೋಶೋಕು ಕೊಫುನ್, ಅಂದರೆ ಅಲಂಕೃತ ದಿಬ್ಬ ಎನ್ನುತ್ತಾರೆ. ಇಂಥವು ದೇಶದಲ್ಲಿ 600ಕ್ಕೂ ಹೆಚ್ಚು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಯೂಶೂವಿನಲ್ಲೇ ಇವೆ. ಕುಮಾಮೊತೊ, ಫುಕುಓಕಾ ಪ್ರಾಂತ್ಯಗಳಲ್ಲಿ ದಟ್ಟವಾಗಿವೆ. ಮೊದಮೊದಲು ಕಲ್ಲಿನ ಶವಪೆಟ್ಟಿಗೆಯ ಮೇಲೆ ಮಾತ್ರ ಕೆತ್ತುತ್ತಿದ್ದರು. ನೇರಗೆರೆ ಮತ್ತು ಕಮಾನುಗೆರೆಗಳನ್ನು ಹೆಣೆದ ಚೊಕ್ಕೋಮೊನ್ ಎಂಬ ವಿನ್ಯಾಸ ಅದು. ಆಮೇಲೆ ಶವ ಇಡುವ ಜಾಗವನ್ನು ಸುತ್ತುವರಿಯುವ ಕಲ್ಲಿನ ತಡಿಕೆಗೆ ಬಂತು. 6ನೇ ಶತಮಾನಕ್ಕೆ ಇಡೀ ಕೋಣೆಯ ಗೋಡೆಗೇ ಹಬ್ಬಿತು. ಇದಕ್ಕೆ ಕಟ್ಟಡದ ಕಾರಣವೂ ಇದೆ. ಹಳೆಯ ದಿಬ್ಬಗಳಲ್ಲಿ ನೆತ್ತಿಯಿಂದ ಗುಂಡಿ ತೋಡಿ, ಶವ ಇಳಿಸಿ, ಮೇಲಿನಿಂದ ಮುಚ್ಚಿಬಿಡುತ್ತಿದ್ದರು. ಪಕ್ಕದಿಂದ ನಡೆದು ಒಳಹೋಗುವ, ಬಾಗಿಲು ತೆರೆದು ಎರಡನೆಯ ಶವವನ್ನೂ ಇಡಬಹುದಾದ ಕೋಣೆ ಬಂದ ಮೇಲಲ್ಲವೇ ಗೋಡೆ ಎನ್ನುವುದು ಯಾರದಾದರೂ ಕಣ್ಣಿಗೆ ಬೀಳುವ ವಸ್ತುವಾದದ್ದು? ಹಾಗಾಗಿ ದಿಬ್ಬದ ಗಾತ್ರಕ್ಕೂ ಚಿತ್ರಕ್ಕೂ ನೇರ ಸಂಬಂಧವಿಲ್ಲ. ಸಕಾಯ್ ನಗರದ ದೈಸೆನ್ ದಿಬ್ಬ 486 ಮೀಟರ್ ಉದ್ದದ ಬೀಗದ ಕಿಂಡಿಯಾಕಾರದ ಗುಡ್ಡ. ಅದು 5ನೇ ಶತಮಾನದ್ದು, ಗುಂಡಿ ಪದ್ಧತಿಯ ಕಾಲದ್ದು. ತಕಾಮತ್ಸುಜುಕಾ ಬರೀ 23 ಮೀಟರ್ ವ್ಯಾಸದ, 5 ಮೀಟರ್ ಎತ್ತರದ ದುಂಡು ದಿಬ್ಬ.

ಕ್ಯೂಶೂವಿನಲ್ಲಿ ಬಣ್ಣ ನೇರವಾಗಿ ಕಲ್ಲಿನ ಮೇಲಿದೆ. ಕೆಂಪಿಗೆ ಬೆಂಗಾರಾ, ಅಂದರೆ ಕಬ್ಬಿಣದ ಆಕ್ಸೈಡ್ ಇರುವ ಕೆಮ್ಮಣ್ಣು. (ಬೆಂಗಾರಾ ಎಂಬ ಹೆಸರು ಬಂಗಾಳದಿಂದ ಹೋದದ್ದು, ಅದೂ ಬಹಳ ತಡವಾಗಿ. ಬಣ್ಣ ಮಾತ್ರ ಹೆಸರಿಗಿಂತ ಎಷ್ಟೋ ಹಳೆಯದು.) ಹಳದಿಗೆ ಹಳದಿ ಮಣ್ಣು, ಬಿಳಿಗೆ ಬಿಳಿ ಜೇಡಿ, ಹಸಿರಿಗೆ ಹಸಿರು ಕಲ್ಲಿನ ಪುಡಿ, ಕಪ್ಪಿಗೆ ಇದ್ದಿಲು ಅಥವಾ ಮ್ಯಾಂಗನೀಸ್ ಅದಿರು. ಬರೆದದ್ದು ಹೆಚ್ಚಾಗಿ ತ್ರಿಕೋನ, ವೃತ್ತ, ಜರೀಗಿಡದ ಎಳೆ ಚಿಗುರಿನಂತೆ ಸುರುಳಿ ಸುತ್ತಿದ ಗೆರೆ, ಬತ್ತಳಿಕೆ, ಗುರಾಣಿ, ಕುದುರೆ, ದೋಣಿ. ಓಜುಕಾದಲ್ಲಿ ಕೋಣೆಯ ಪ್ರವೇಶದ ಎರಡೂ ಬದಿಗೆ ಕುದುರೆ ಸವಾರರಿದ್ದಾರೆ, ಕೆಂಪು ಮೇಲ್ಛಾವಣಿಯ ತುಂಬ ಹಳದಿ ಚುಕ್ಕೆಗಳಿವೆ. ಫುಕುಓಕಾದ ಇನ್ನೊಂದು ದಿಬ್ಬ ಮೆಜುರಾಶಿಜುಕಾದ ಗೋಡೆಯಲ್ಲಿ ದೋಣಿಯೊಂದರ ಮೂತಿಯ ಮೇಲೆ ಹಕ್ಕಿ ಕೂತಿದೆ, ಒಂದು ಕಡೆ ಸೂರ್ಯನ ಚಕ್ರ, ಇನ್ನೊಂದು ಕಡೆ ಕಪ್ಪೆ. ಚಂದ್ರನಲ್ಲಿ ಕಪ್ಪೆ ಇದೆ ಎಂಬ ಚೀನೀ ನಂಬಿಕೆ ಅಲ್ಲಿಗೆ ಆಗಲೇ ತಲುಪಿತ್ತು.

ಆಸುಕಾದ ಎರಡು ದಿಬ್ಬಗಳು 7ನೇ ಶತಮಾನದ ಕೊನೆ ಇಲ್ಲವೇ 8ನೇ ಶತಮಾನದ ಆರಂಭದವು. ಇವನ್ನು ಹೆಕಿಗಾ ಕೊಫುನ್, ಅಂದರೆ ಭಿತ್ತಿಚಿತ್ರದ ದಿಬ್ಬ ಎಂದು ಬೇರೆಯಾಗಿಯೇ ಇಡುತ್ತಾರೆ. ಕೊರಿಯಾದ ಗೊಗುರ್ಯೊ ರಾಜ್ಯದ ಸಮಾಧಿಗಳು ಮತ್ತು ಟಾಂಗ್ ರಾಜವಂಶದ ಕಾಲದ ಚೀನಾ ಇವುಗಳ ಹಿನ್ನೆಲೆ. ತಕಾಮತ್ಸುಜುಕಾದಲ್ಲಿ ಸಿಕ್ಕ ಸಮುದ್ರಮೃಗ ಮತ್ತು ದ್ರಾಕ್ಷಿಬಳ್ಳಿಯ ಕಂಚಿನ ಕನ್ನಡಿಗೆ ಜೋಡಿಯಾದ ಕನ್ನಡಿ ಚೀನಾದ ಶಿಆನ್ ಬಳಿ 698ರ ಸಮಾಧಿಯೊಂದರಲ್ಲಿ ಸಿಕ್ಕಿದೆ. ಕಾಲ ನಿರ್ಣಯಕ್ಕೆ ಅದು ದೊಡ್ಡ ಆಧಾರ.

ಓಜುಕಾ ಉಳಿಯಲು, ತಕಾಮತ್ಸುಜುಕಾ ಕೆಡಲು ನನ್ನ ಮಟ್ಟಿಗೆ ಮುಖ್ಯ ಕಾರಣ ಇಷ್ಟೇ: ಅಲ್ಲಿ ಚಿತ್ರದ ತಳ ಕಲ್ಲು, ಇಲ್ಲಿ ತಳ ಸುಣ್ಣದ ಗಾರೆ.

ಸುಣ್ಣಗಾರೆ ಉತ್ತರಿಸಿದ್ದು:

ಇಂಗಳೀಕ ಅವರು ಹೇಳಿದ ವ್ಯತ್ಯಾಸ ಸರಿ, ಆದರೆ ಕೊನೆಯ ಸಾಲನ್ನು ಹಾಗೇ ಒಪ್ಪಲಾರೆ. ಓಜುಕಾದ ಬಣ್ಣವೂ 1934ರಲ್ಲಿ ಇದ್ದಷ್ಟು ಈಗ ಇಲ್ಲ. ಇನ್ನೊಂದು ಕಡೆ ಇಬಾರಾಕಿ ಪ್ರಾಂತ್ಯದ ಹಿತಾಚಿನಾಕಾದಲ್ಲಿರುವ ತೊರಾಜುಕಾ ನೋಡಿ. ಅಲ್ಲಿ ಕಲ್ಲಿನ ಮೇಲೆ ಬಿಳಿ ಜೇಡಿಯ ಲೇಪ ಕೊಟ್ಟು, ಅದರ ಮೇಲೆ ಕೆಮ್ಮಣ್ಣಿನಲ್ಲಿ ಬರೆದಿದ್ದಾರೆ. ಅಂದರೆ ತಳ ಬರಿಗಲ್ಲಲ್ಲ. ಆದರೂ ಚೆನ್ನಾಗಿ ಉಳಿದಿದೆ. 1973ರಲ್ಲಿ ಅದನ್ನು ತೆರೆಯುವ ಮೊದಲೇ ಮುಚ್ಚಿದ ಕೋಣೆಯ ಗಾಳಿಯನ್ನು ಅಳೆದಿದ್ದರು: ಉಷ್ಣಾಂಶ ಸುಮಾರು 15 ಡಿಗ್ರಿ, ತೇವಾಂಶ ಶೇ 90ಕ್ಕೂ ಮೇಲೆ. ಹಿಂತಿರುಗಿ ಯಾವ ಸ್ಥಿತಿಗೆ ತರಬೇಕು ಎಂಬ ಗುರಿ ಕೈಯಲ್ಲಿತ್ತು. ತಕಾಮತ್ಸುಜುಕಾದಲ್ಲಿ ತೆರೆಯುವ ಮುಂಚಿನ ಆ ಅಳತೆ ಇರಲಿಲ್ಲ.

ಈಗ ಎರಡನೆಯ ಪ್ರಶ್ನೆ. ಮೊದಲು ಕೋಣೆಯ ಅಳತೆ ಮನಸ್ಸಿನಲ್ಲಿರಲಿ: ಒಳಗೆ ಉದ್ದ 265 ಸೆಂಟಿಮೀಟರ್, ಅಗಲ 103, ಎತ್ತರ 113. ಒಬ್ಬರು ನೆಟ್ಟಗೆ ನಿಲ್ಲಲೂ ಆಗದ ಪೆಟ್ಟಿಗೆ ಅದು. ಮೆತ್ತಗಿನ ಬೂದಿಗಲ್ಲಿನ, ಅಂದರೆ ಜ್ವಾಲಾಮುಖಿಯ ಬೂದಿ ಗಟ್ಟಿಯಾದ ಕಲ್ಲಿನ 16 ಚಪ್ಪಡಿಗಳು: ನೆಲಕ್ಕೆ 4, ಪೂರ್ವ ಗೋಡೆಗೆ 3, ಪಶ್ಚಿಮಕ್ಕೆ 3, ಉತ್ತರಕ್ಕೆ 1, ದಕ್ಷಿಣಕ್ಕೆ 1, ಮೇಲೆ 4. ಒಳಮೈಗೆ ಕೆಲವೇ ಮಿಲಿಮೀಟರ್ ದಪ್ಪದ ಸುಣ್ಣದ ಗಾರೆ. ಸುತ್ತ ತೆಳು ಪದರ ಪದರವಾಗಿ ದಮ್ಮಸು ಹೊಡೆದು ಗಟ್ಟಿ ಮಾಡಿದ ಮಣ್ಣು. ಆ ದಮ್ಮಸೇ ಚಿತ್ರದ ನಿಜವಾದ ಕಾವಲು. ಅದು ಗಟ್ಟಿಯಾಗಿರುವವರೆಗೆ ಮಳೆನೀರು, ಬೇರು, ಹುಳ ಯಾವುದೂ ಒಳಗೆ ಬರುವುದಿಲ್ಲ, ಉಷ್ಣಾಂಶವೂ ನಿಧಾನವಾಗಿ ಏರಿಳಿಯುತ್ತದೆ.

ಆ ಕಾವಲು 1972ಕ್ಕೂ ಮೊದಲೇ ಒಡೆದಿತ್ತು. ಕಾಮಾಕುರಾ ಕಾಲದಲ್ಲಿ, ಅಂದರೆ 12ನೇ ಶತಮಾನದ ಕೊನೆಯಿಂದ 14ನೇ ಶತಮಾನದ ಆರಂಭದ ನಡುವೆ, ಕಳ್ಳರು ದಕ್ಷಿಣ ಗೋಡೆಯಲ್ಲಿ ಕನ್ನ ಕೊರೆದು ನುಗ್ಗಿದ್ದರು. ಅಲ್ಲಿ ಇದ್ದಿರಬೇಕಾದ, ದಕ್ಷಿಣ ದಿಕ್ಕಿನ ದೇವತೆಯಾದ ಕೆಂಪು ಹಕ್ಕಿಯ ಚಿತ್ರ ಆಗಲೇ ಹೋಯಿತು. ಅದಲ್ಲದೆ ಹಳೆಯ ಭಾರೀ ಭೂಕಂಪಗಳಿಂದ ದಿಬ್ಬದ ಮಣ್ಣಿನಲ್ಲಿ ಬಿರುಕುಗಳಿದ್ದವು. ಇದು ಚೆನ್ನಾಗಿ ಗೊತ್ತಾದದ್ದು ಕೋಣೆ ಬಿಚ್ಚಲೆಂದು 2006ರಲ್ಲಿ ದಿಬ್ಬವನ್ನು ಅಗೆದಾಗ. ಬಿರುಕಿನ ದಾರಿಯಲ್ಲಿ ಬೇರು ಇಳಿದಿತ್ತು, ನೀರು ಇಳಿಯುತ್ತಿತ್ತು. ಗಾರೆಯೊಳಗಿನ ಸುಣ್ಣ ಶತಮಾನಗಳಿಂದ ನೀರಿನಲ್ಲಿ ಕರಗಿ ಹೋಗಿ, ಗಾರೆ ಒಳಗೊಳಗೇ ಟೊಳ್ಳಾಗಿತ್ತು. ಮೇಲ್ಮೈ ನೋಡಲು ಗಟ್ಟಿ, ಹಿಂದೆ ಏನೂ ಇಲ್ಲ ಎನ್ನುವಂಥ ಸ್ಥಿತಿ.

1976ರಲ್ಲಿ ಕೋಣೆಯ ಮುಂದೆ ಕಾಂಕ್ರೀಟಿನ ಸಂರಕ್ಷಣಾ ಕಟ್ಟಡ ಕಟ್ಟಿದರು. ಕಲ್ಲುಕೋಣೆಯ ಉಷ್ಣಾಂಶ ಎಷ್ಟಿದೆಯೋ ಅಷ್ಟಕ್ಕೇ ಮುಂಗೋಣೆಯ ಗಾಳಿಯನ್ನು ತಂದು, ಆಮೇಲೆ ಬಾಗಿಲು ತೆರೆಯುವುದು ಇದರ ಲೆಕ್ಕ. ಯೋಚನೆ ಒಳ್ಳೆಯದೇ. ತೊಂದರೆ ಇದ್ದದ್ದು ಕಟ್ಟಡಕ್ಕೂ ಹಳೆಯ ಕಲ್ಲುಕೋಣೆಗೂ ನಡುವಿನ ಕೂಡುಜಾಗದಲ್ಲಿ. ಅಲ್ಲಿ ಮಣ್ಣು ಬರಿಮೈಯಾಗಿತ್ತು, ಅಲ್ಲಿಂದಲೇ ಬೂಷ್ಟು ಮತ್ತು ಹುಳಗಳು ಬರುತ್ತಿದ್ದವು. 1980ರ ದಶಕದ ಆರಂಭದಲ್ಲಿ ಒಮ್ಮೆ ಜೋರಾಗಿ ಬೂಷ್ಟು ಬಂದು, ಪ್ಯಾರಾಫಾರ್ಮಾಲ್ಡಿಹೈಡ್ ಎಂಬ ಬೂಷ್ಟುನಾಶಕದ ಹೊಗೆ ಕೊಟ್ಟು ಹತೋಟಿಗೆ ತಂದರು. 2001ರಲ್ಲಿ ಅದೇ ಕೂಡುಜಾಗದ ಮಣ್ಣು ಉದುರದಂತೆ ಗಟ್ಟಿ ಮಾಡುವ ಕೆಲಸ ನಡೆಯಿತು. ಬೂಷ್ಟು ತಡೆಯುವ ಮುನ್ನೆಚ್ಚರಿಕೆ ಸಾಲದೆ ಹೋಯಿತು. ಆಮೇಲೆ ಬಂದ ಬೂಷ್ಟು ನಿಲ್ಲಲೇ ಇಲ್ಲ.

ನಿಲ್ಲದ್ದಕ್ಕೆ ಕಾರಣಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ದಿಬ್ಬದ ಒಳಗಿನ ಉಷ್ಣಾಂಶವೇ ದಶಕಗಳಲ್ಲಿ ಏರಿತ್ತು. ತೇವಾಂಶ ಶೇ 100ರ ಹತ್ತಿರ. ಇಳಿಸಿದರೆ ಟೊಳ್ಳು ಗಾರೆ ಒಣಗಿ ಉದುರುತ್ತದೆ, ಹಾಗಾಗಿ ಇಳಿಸುವಂತಿಲ್ಲ. ಬೂಷ್ಟು ತಿನ್ನಲು ಹುಳಗಳು ಬರುತ್ತಿದ್ದವು, ಅವು ಓಡಾಡಿದಲ್ಲೆಲ್ಲ ಬೂಷ್ಟಿನ ಬೀಜಕಣಗಳೂ ಹರಡುತ್ತಿದ್ದವು. ಬೂಷ್ಟು ಒರೆಸಲು ಎಥನಾಲ್, ಅಂದರೆ ಮದ್ಯಸಾರ ಬಳಸಿದರು. ಅದು ಆ ಹೊತ್ತಿಗೆ ಬೂಷ್ಟನ್ನು ಕೊಲ್ಲುತ್ತದೆ, ನಿಜ. ಆದರೆ ಸೂಕ್ಷ್ಮಜೀವಿಗಳಲ್ಲಿ ಕೆಲವು ಎಥನಾಲನ್ನೇ ಆಹಾರ ಮಾಡಿಕೊಳ್ಳುತ್ತವೆ. ಆಸುಕಾದ ಈ ಕೋಣೆಗಳಿಂದ ಅಸಿಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿದ್ದಾರೆ, ವಿಜ್ಞಾನಕ್ಕೆ ಹೊಸದಾದ ಪ್ರಭೇದಗಳೂ ಅದರಲ್ಲಿವೆ. ಆಮ್ಲ ತಾಗಿದರೆ ಸುಣ್ಣ ಕರಗುತ್ತದೆ. ಕಿತೊರಾದ ಗಾರೆಯಲ್ಲಿ ಸಣ್ಣ ಸಣ್ಣ ಗುಳಿಗಳು ಬಿದ್ದದ್ದಕ್ಕೆ ಇವುಗಳ ಮೇಲೇ ಅನುಮಾನ.

2002ರ ಜನವರಿಯಲ್ಲಿ ಇನ್ನೊಂದು ಅವಘಡವೂ ಆಯಿತು. ಒಳಗೆ ಕೆಲಸ ಮಾಡುವಾಗ ಉಪಕರಣ ತಾಗಿ, ಪಶ್ಚಿಮ ಗೋಡೆಯ ಪುರುಷರ ಚಿತ್ರಕ್ಕೆ ಏಟು ಬಿತ್ತು. ಏಟು ಬಿದ್ದ ಜಾಗಕ್ಕೆ ಬಣ್ಣ ಹೊಂದಿಸಿ ಮರೆಮಾಡಿದರು. ಹೊರಗೆ ಗೊತ್ತಾದದ್ದು 2006ರಲ್ಲಿ. ಬೂಷ್ಟಿನ ಅನಾಹುತದ ಅಗಾಧತೆಯೂ ಜನರಿಗೆ ತಿಳಿದದ್ದು 2004ರಲ್ಲೇ. ತಾಂತ್ರಿಕ ತಪ್ಪುಗಳಿಗಿಂತ ಈ ಮುಚ್ಚಿಡುವಿಕೆಯೇ ಹೆಚ್ಚು ಹಾನಿ ಮಾಡಿತು ಎಂದು ನನ್ನ ಅಭಿಪ್ರಾಯ. ಮೂರು ವರ್ಷ ಮೊದಲೇ ಬೇರೆ ಪರಿಣತರ ಕಣ್ಣಿಗೆ ಬಿದ್ದಿದ್ದರೆ ಬಿಳಿ ಹುಲಿಯ ಗೆರೆಗಳು ಇನ್ನಷ್ಟು ಉಳಿಯುತ್ತಿದ್ದವು.

ಹಾಗಾಗಿ "ಉಸಿರಿನಿಂದ ಕೆಟ್ಟಿತು" ಎನ್ನುವುದು ಅರ್ಧ ಮಾತೂ ಅಲ್ಲ. ಮಣ್ಣಿನ ಕಾವಲು ಸೋತಿತ್ತು. ಆ ಸೋಲನ್ನು ಯಂತ್ರ ಮತ್ತು ಔಷಧದಿಂದ ತುಂಬಲು ಹೋದರು, ಔಷಧವೇ ಹೊಸ ಜೀವಿಗಳನ್ನು ಸಾಕಿತು.

ಕಲ್ಲುಕೋಣೆ ಮತ್ತೆ ಕೇಳಿದ್ದು:

ಸುಣ್ಣಗಾರೆ ಅವರೇ, ಧನ್ಯವಾದ. ಮಣ್ಣಿನ ಬಿರುಕಿನ ವಿಷಯ ಎಲ್ಲೂ ಓದಿರಲಿಲ್ಲ. ಹಾಗಾದರೆ ಗಾರೆ ಅಷ್ಟು ಟೊಳ್ಳಾಗಿದ್ದಾಗ ಅದನ್ನು ಕಿತೊರಾದಂತೆ ಬಿಡಿಸಿ ತೆಗೆಯುವುದು ಕೋಣೆ ಬಿಚ್ಚುವುದಕ್ಕಿಂತ ಸುಲಭವಲ್ಲವೇ?

ಸುಣ್ಣಗಾರೆ ಉತ್ತರಿಸಿದ್ದು:

ಇಲ್ಲ, ತದ್ವಿರುದ್ಧ. ಕಿತೊರಾದಲ್ಲಿ ಗಾರೆ ಹಲವು ಕಡೆ ಗೋಡೆಯಿಂದ ಎದ್ದು, ಹಿಂದೆ ಸಂದು ಬಿಟ್ಟುಕೊಂಡು ನಿಂತಿತ್ತು. ಅಂದರೆ ಹಾಳೆಯಂತೆ ಎತ್ತಲು ಸಾಧ್ಯ, ಎತ್ತದಿದ್ದರೆ ತಾನೇ ಬೀಳುತ್ತದೆ. ತಕಾಮತ್ಸುಜುಕಾದಲ್ಲಿ ಗಾರೆ ಕಲ್ಲಿಗೆ ಕಚ್ಚಿಕೊಂಡೇ ಟೊಳ್ಳಾಗಿತ್ತು. ಎಬ್ಬಿಸಲು ಹೋದರೆ ಪುಡಿಯಾಗುತ್ತದೆ. ಅಲ್ಲಿ ಚಿತ್ರ ಹೊರಗೆ ಬರಬೇಕಾದರೆ ಕಲ್ಲಿನ ಸಮೇತವೇ ಬರಬೇಕು.

ಕಿತೊರಾದ ಕೆಲಸ 2004ರಲ್ಲಿ ಶುರುವಾಗಿ 2010ರಲ್ಲಿ ಮುಗಿಯಿತು. ಕ್ರಮ ಹೀಗೆ. ಚಿತ್ರದ ಮುಖಕ್ಕೆ ರೇಯಾನ್ ಕಾಗದವನ್ನು, ಆಮೇಲೆ ನೀರಿನಲ್ಲಿ ಬಿಡಿಸಿ ತೆಗೆಯಬಹುದಾದ ಸೆಲ್ಯುಲೋಸ್ ಅಂಟಿನಿಂದ ಹಚ್ಚುವುದು. ಗಾರೆಯ ಹಿಂದಿನ ಸಂದಿಗೆ ತೆಳುವಾದ ಸಟ್ಟುಗದಂಥ ಅಲಗು ತೂರಿಸಿ ಮೆಲ್ಲಗೆ ಬಿಡಿಸುವುದು. ಕಚ್ಚಿಕೊಂಡ ಕಡೆ ವಜ್ರದ ಹರಳು ಕೂರಿಸಿದ ತಂತಿ ಗರಗಸದಿಂದ ಹಿಂಬದಿ ಕೊಯ್ಯುವುದು. ಕೆಂಪು ಹಕ್ಕಿಯನ್ನು 2007ರಲ್ಲಿ ಇಡಿಯಾಗಿ ತೆಗೆದರು. ಕಳ್ಳರ ಕನ್ನ ಅಲ್ಲೂ ದಕ್ಷಿಣ ಗೋಡೆಯಲ್ಲೇ ಇತ್ತು, ಹಕ್ಕಿ ಮಾತ್ರ ಅದೃಷ್ಟಕ್ಕೆ ಕೂದಲೆಳೆಯಲ್ಲಿ ಪಾರಾಗಿತ್ತು. ಮೇಲ್ಛಾವಣಿಯ ನಕ್ಷತ್ರಪಟವನ್ನು ಸಣ್ಣ ಸಣ್ಣ ಚೂರುಗಳಾಗಿ ಇಳಿಸಿ ಮತ್ತೆ ಜೋಡಿಸಬೇಕಾಯಿತು. ಕೆಲಸದ ಕೊನೆಯ ಹಂತದಲ್ಲಿ ಬೂಷ್ಟು ತಡೆಯಲು ಔಷಧದ ಬದಲು ಜನರಿಲ್ಲದ ಹೊತ್ತಿನಲ್ಲಿ ನೇರಳಾತೀತ ದೀಪ ಹಚ್ಚುತ್ತಿದ್ದರು. ತಕಾಮತ್ಸುಜುಕಾ ಕಲಿಸಿದ ಪಾಠ ಅದು.

ತಕಾಮತ್ಸುಜುಕಾದಲ್ಲಿ ಮೊದಲು ದಿಬ್ಬದ ಮೇಲೆ ತಂಪುಕೊಳವೆ ಹಾಸಿ ಕೋಣೆಯನ್ನು ಸುಮಾರು 10 ಡಿಗ್ರಿಗೆ ಇಳಿಸಿದರು, ಬಿಚ್ಚುವವರೆಗೆ ಬೂಷ್ಟು ಬೆಳೆಯದಿರಲಿ ಎಂದು. ಅಣಕು ಕೋಣೆ ಕಟ್ಟಿ, ಕಲ್ಲು ಎತ್ತುವುದನ್ನು ಅಭ್ಯಾಸ ಮಾಡಿಕೊಂಡರು. ಬೂದಿಗಲ್ಲು ಮೆತ್ತಗಿರುವುದರಿಂದ ಹಿಡಿಕೆ ಬಿಗಿಯಾದರೆ ಅಂಚು ಒಡೆಯುತ್ತದೆ, ಸಡಿಲವಾದರೆ ಜಾರುತ್ತದೆ. 2007ರ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ 16 ಕಲ್ಲುಗಳೂ ಹೊರಬಂದವು. ದುರಸ್ತಿ ಕೇಂದ್ರದಲ್ಲಿ ಕಲ್ಲುಗಳನ್ನು ಚಿತ್ರ ಮೇಲ್ಮುಖವಾಗಿ ಮಲಗಿಸಿದರು. ನಿಂತ ಗೋಡೆಯಲ್ಲಿ ಅಂಟು ಹಾಕಿದರೆ ಕೆಳಗೆ ಹರಿಯುತ್ತದೆ, ಮಲಗಿಸಿದಾಗ ಬೇಕಾದ ಜಾಗದಲ್ಲೇ ಇಂಗುತ್ತದೆ. ಸೂಕ್ಷ್ಮಜೀವಿಗಳು ಬಿಟ್ಟುಹೋದ ಲೋಳೆ ಪದರವನ್ನು ಕಿಣ್ವ ಮತ್ತು ನೇರಳಾತೀತ ಬೆಳಕಿನಿಂದ ಸಡಿಲಗೊಳಿಸಿ ತೆಗೆದರು. ಕೆಲಸ ಮುಗಿದದ್ದು 2020ರ ಮಾರ್ಚ್‌ನಲ್ಲಿ. ಮಾಸಿದ ಗೆರೆಯನ್ನು ಮತ್ತೆ ಬರೆಯಲಿಲ್ಲ. ಹೋದದ್ದು ಹೋದಂತೆಯೇ ಇದೆ. ಅದು ಸರಿಯಾದ ತೀರ್ಮಾನ.

ಧ್ರುವತಾರೆ ಉತ್ತರಿಸಿದ್ದು:

ನಕ್ಷತ್ರಪಟದ ಮಾತು ಬಂದದ್ದರಿಂದ ಒಂದು ಸೇರಿಕೆ. ಎರಡೂ ದಿಬ್ಬಗಳ ಮೇಲ್ಛಾವಣಿಯಲ್ಲಿ ಚಿನ್ನದ ರೇಕಿನ ನಕ್ಷತ್ರಗಳಿವೆ, ಅವನ್ನು ಕೆಂಪು ಗೆರೆ ಜೋಡಿಸುತ್ತದೆ. ಆದರೆ ಎರಡೂ ಒಂದೇ ಬಗೆಯ ಪಟವಲ್ಲ. ತಕಾಮತ್ಸುಜುಕಾದಲ್ಲಿರುವುದು ಚೀನೀ ಪದ್ಧತಿಯ 28 ನಕ್ಷತ್ರಪುಂಜಗಳನ್ನು ಚೌಕವಾಗಿ ಜೋಡಿಸಿ, ನಡುವೆ ಧ್ರುವದ ಬಳಿಯ ನಕ್ಷತ್ರಗಳನ್ನಿಟ್ಟ ಸಾಂಕೇತಿಕ ವಿನ್ಯಾಸ. ಕಿತೊರಾದಲ್ಲಿ ಸುಮಾರು 350 ನಕ್ಷತ್ರಗಳಿದ್ದು, ನಾಲ್ಕು ವೃತ್ತಗಳಿವೆ: ಎಂದೂ ಮುಳುಗದ ನಕ್ಷತ್ರಗಳ ಒಳವೃತ್ತ, ಖಗೋಳದ ವಿಷುವದ್ವೃತ್ತ, ಕಾಣುವ ಆಕಾಶದ ಎಲ್ಲೆಯಾದ ಹೊರವೃತ್ತ, ಕೇಂದ್ರದಿಂದ ಸರಿದು ನಿಂತ ಕ್ರಾಂತಿವೃತ್ತ, ಅಂದರೆ ಆಕಾಶದಲ್ಲಿ ಸೂರ್ಯ ಸಾಗುವ ದಾರಿ. ಈ ಕ್ರಾಂತಿವೃತ್ತ ಇರಬೇಕಾದ ಕಡೆ ಇಲ್ಲ, ತಪ್ಪಾದ ಬದಿಗೆ ಸರಿದಿದೆ. ಆಕಾಶ ನೋಡಿ ಬರೆದವರಿಗೆ ಈ ತಪ್ಪು ಆಗುವುದಿಲ್ಲ. ಕೈಯಲ್ಲಿದ್ದ ಪಟವನ್ನು ಛಾವಣಿಗೆ ನಕಲು ಮಾಡಿದವರಿಗೆ ಆಗುತ್ತದೆ. ಮೂಲ ಪಟ ಎಲ್ಲಿಯದು, ಯಾವ ಶತಮಾನದ ಆಕಾಶ ಎಂಬುದಕ್ಕೆ ಲೆಕ್ಕ ಹಾಕಿದವರಲ್ಲೇ ಒಮ್ಮತವಿಲ್ಲ.

ನಕಲಿಗೆ ಇನ್ನೊಂದು ಸಾಕ್ಷಿ ಗೋಡೆಯಲ್ಲೇ ಇದೆ. ಕಿತೊರಾದ ಚಿತ್ರಗಳಲ್ಲಿ ಬಣ್ಣದ ಗೆರೆಯ ಜೊತೆಗೆ, ಗಾರೆಯ ಮೇಲೆ ಮೊಂಡು ಮೊನೆಯಿಂದ ಒತ್ತಿ ಎಳೆದ ಗೀರುಗಳೂ ಕಾಣುತ್ತವೆ. ಮಾದರಿ ಹಾಳೆಯನ್ನು ಗೋಡೆಗಿಟ್ಟು ಮೇಲಿನಿಂದ ಗೀಚಿದ ಗುರುತು ಅದು.

ದಿಕ್ಕಿನ ದೇವತೆಗಳ ಬಗ್ಗೆ ಹುಡುಕುವವರು ಒಂದು ಎಚ್ಚರ ಇಟ್ಟುಕೊಳ್ಳಿ. ತಕಾಮತ್ಸುಜುಕಾದ ಬಿಳಿ ಹುಲಿ ದಕ್ಷಿಣಕ್ಕೆ ಮುಖ ಮಾಡಿದೆ, ಕಿತೊರಾದ್ದು ಉತ್ತರಕ್ಕೆ. ಒಂದರ ಫೋಟೊವನ್ನು ಇನ್ನೊಂದರ ಹೆಸರಿನಲ್ಲಿ ಹಾಕಿದ್ದರೆ ಇದರಿಂದಲೇ ಹಿಡಿಯಬಹುದು. ಬಣ್ಣದ ಉಡುಪಿನ ಹೆಂಗಸರು ಗಂಡಸರ ನಾಲ್ಕು ಗುಂಪು, ಗುಂಪಿಗೆ ನಾಲ್ವರಂತೆ 16 ಜನ ಇರುವುದು ತಕಾಮತ್ಸುಜುಕಾದಲ್ಲಿ ಮಾತ್ರ. ಕಿತೊರಾದಲ್ಲಿ ಅವರ ಬದಲು ಪ್ರಾಣಿಮುಖದ, ಮನುಷ್ಯದೇಹದ, ಚೀನೀ ಪದ್ಧತಿಯ ಹನ್ನೆರಡು ರಾಶಿರೂಪಗಳ ಸಾಲು. ಕುದುರೆಮುಖದ್ದು ಗೋಡೆಯ ಮೇಲಲ್ಲ, ಗೋಡೆಗೆ ಮೆತ್ತಿದ್ದ ಕೆಸರಿನ ಮೇಲೆ ಅಚ್ಚಾಗಿ ಉಳಿದಿತ್ತು. ಕೆಸರನ್ನು ತೊಳೆದುಬಿಟ್ಟಿದ್ದರೆ ಆ ಚಿತ್ರ ಇರುತ್ತಿರಲಿಲ್ಲ.

ಇಂಗಳೀಕ ಉತ್ತರಿಸಿದ್ದು:

ತೊರಾಜುಕಾದ ಜೇಡಿ ಲೇಪವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಸುಣ್ಣಗಾರೆ ಅವರ ಮಾತು ಒಪ್ಪಿದೆ. ತಳಕ್ಕಿಂತ ಮಣ್ಣು ಮತ್ತು ಗಾಳಿಯ ಸ್ಥಿತಿ ಮುಖ್ಯ.

ನೋಡಲು ಹೋಗುವವರಿಗೆ ಉಪಯೋಗವಾಗುವ ನಾಲ್ಕು ಮಾತು. ಆಸುಕಾದ ದಿಬ್ಬದ ಬಳಿಗೆ ಹೋದರೆ ಕಾಣುವುದು ಹುಲ್ಲು ಹೊದ್ದ ಗುಡ್ಡ ಮಾತ್ರ; ಒಳಗೆ ಈಗ ಚಿತ್ರವೇ ಇಲ್ಲ. ಪಕ್ಕದ ಭಿತ್ತಿಚಿತ್ರ ಸಂಗ್ರಹಾಲಯದಲ್ಲಿರುವುದು ಪ್ರತಿಕೃತಿ. ಆದರೆ ಅಸಡ್ಡೆ ಮಾಡಬೇಡಿ, ಸಿಕ್ಕಾಗ ಚಿತ್ರ ಹೇಗಿತ್ತು ಎಂಬ ನಕಲು ಅಲ್ಲಿದೆ. ಈಗಿನ ಮೂಲಕ್ಕಿಂತ ಗೆರೆಗಳು ಅದರಲ್ಲೇ ಸ್ಪಷ್ಟ. ಮೂಲ ಕಲ್ಲುಗಳನ್ನು ದುರಸ್ತಿ ಕೇಂದ್ರದಲ್ಲಿ ಗಾಜಿನಾಚೆಯಿಂದ ತೋರಿಸುತ್ತಾರೆ, ವರ್ಷದಲ್ಲಿ ಕೆಲವು ಸಲ ಮಾತ್ರ, ಮೊದಲೇ ಅರ್ಜಿ ಹಾಕಿರಬೇಕು. ಕಿತೊರಾದ ಮೂಲ ಚಿತ್ರಗಳು 2016ರಲ್ಲಿ ತೆರೆದ ಶಿಜಿನ್ ನೊ ಯಕಾತಾ ಎಂಬ ಕಟ್ಟಡದಲ್ಲಿವೆ. ಅಲ್ಲೂ ನಿಗದಿತ ಅವಧಿಗಳಲ್ಲಷ್ಟೇ, ಸರದಿಯಂತೆ ತೋರಿಸುತ್ತಾರೆ. ಕೆಂಪು ಹಕ್ಕಿಯನ್ನೇ ನೋಡಬೇಕೆಂದಿದ್ದರೆ ಆ ಸಲದ ಸರದಿ ಯಾವುದರದ್ದು ಎಂದು ಖಚಿತಪಡಿಸಿಕೊಂಡೇ ದಿನ ಗೊತ್ತುಮಾಡಿ.

ಇದ್ದ ಜಾಗದಲ್ಲೇ ಚಿತ್ರ ನೋಡಬೇಕೆಂದರೆ ಓಜುಕಾ, ತೊರಾಜುಕಾಗಳಂಥ ದಿಬ್ಬಗಳೇ ಗತಿ. ಎರಡೂ ವಸಂತ ಮತ್ತು ಶರತ್ಕಾಲದಲ್ಲಿ ಕೆಲವು ದಿನ ಮಾತ್ರ ತೆರೆದಿರುತ್ತವೆ, ಗಾಜಿನಾಚೆಯಿಂದ ನೋಡಬೇಕು. ಆ ಎರಡು ಋತುಗಳೇ ಯಾಕೆಂದರೆ ಹೊರಗಿನ ಗಾಳಿಗೂ ಒಳಗಿನ ಗಾಳಿಗೂ ಉಷ್ಣಾಂಶದ ಅಂತರ ಆಗ ಕಡಿಮೆ, ಕಲ್ಲು ಬೆವರುವುದಿಲ್ಲ. ಬೇಸಿಗೆಯಲ್ಲಿ ಬಾಗಿಲು ತೆರೆದರೆ ಬಿಸಿಗಾಳಿಯ ತೇವವೆಲ್ಲ ತಣ್ಣನೆಯ ಗೋಡೆಯ ಮೇಲೆ ಹನಿಯಾಗಿ ಕೂರುತ್ತದೆ. ಋತು ತಪ್ಪಿ ಹೋದವರಿಗೆ ಯಾಮಾಗಾದ ಕುಮಾಮೊತೊ ಪ್ರಾಂತೀಯ ಅಲಂಕೃತ ದಿಬ್ಬಗಳ ಸಂಗ್ರಹಾಲಯವಿದೆ, 1992ರದ್ದು, ಕಟ್ಟಡದ ವಿನ್ಯಾಸ ವಾಸ್ತುಶಿಲ್ಪಿ ತದಾವೊ ಆಂಡೊ ಅವರದು. ಹಲವು ಕೋಣೆಗಳ ನಿಜಗಾತ್ರದ ಪ್ರತಿಕೃತಿಗಳು ಒಂದೇ ಸೂರಿನಡಿ ಸಿಗುತ್ತವೆ. ತಡಿಕೆಕಲ್ಲಿನ ಕೆತ್ತನೆಯಿಂದ ಗೋಡೆಯ ತುಂಬಿನ ಚಿತ್ರದವರೆಗೆ ಹೇಗೆ ಬೆಳೆಯಿತು ಎಂದು ಅಕ್ಕಪಕ್ಕ ಇಟ್ಟು ನೋಡಲು ಅಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ.